ಅಮೆರಿಕದ ಮತದಾರರಿಗೆ ಮೂರನೇ ಪಕ್ಷ ಬೇಕೇ, ಮತ ಎಣಿಸುವ ಬೇರೆ ಕ್ರಮ ಬೇಕೇ?

ಪ್ರಶ್ನೆ: ಹುಲೇಕಲ್ ರಸ್ತೆ, ಶಿರಸಿ

ನನ್ನ ತಮ್ಮನ ಮಗಳು ನ್ಯೂಜೆರ್ಸಿಯಲ್ಲಿ ನೆಲೆಸಿ ಹದಿನಾಲ್ಕು ವರ್ಷಗಳಾದವು. ಅಲ್ಲಿನ ಪೌರತ್ವ ದೊರೆತ ಮೇಲೆ 2024ರಲ್ಲಿ ಮೊದಲ ಬಾರಿ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕಿದಳು. ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಬಂದಿದ್ದಾಗ ಜಗಲಿಯಲ್ಲಿ ಕುಳಿತು ಅವಳು ಹೇಳಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ: “ಅತ್ತೆ, ನನಗೆ ಎರಡೂ ಪಕ್ಷ ಮನಸ್ಸಿಗೆ ಬರಲಿಲ್ಲ. ಮೂರನೆಯವರಿಗೆ ಹಾಕಿದರೆ ಮತ ಹಾಳು ಎಂದು ಗೆಳತಿಯರೆಲ್ಲ ಹೇಳಿದರು. ಕಡೆಗೆ ಯಾರು ಬರುವುದು ಬೇಡವೋ ಅವರನ್ನು ತಡೆಯಲಿಕ್ಕೆಂದು ಹಾಕಿ ಬಂದೆ.”

ಒಬ್ಬರು ಬರಲಿ ಎಂದು ಹಾಕುವ ಮತಕ್ಕೂ ಇನ್ನೊಬ್ಬರು ಬಾರದಿರಲಿ ಎಂದು ಹಾಕುವ ಮತಕ್ಕೂ ಬಹಳ ಅಂತರವಿದೆ ಎಂದು ನಾನು ನಂಬಿದ್ದೇನೆ. ಈ ಬೇಸರ ಅವಳೊಬ್ಬಳದೂ ಅಲ್ಲ. ಗ್ಯಾಲಪ್ ಸಂಸ್ಥೆ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ. 63ರಷ್ಟು ಜನ, ಇರುವ ಡೆಮಾಕ್ರಟಿಕ್, ರಿಪಬ್ಲಿಕನ್ ಎಂಬ ಎರಡು ಪಕ್ಷಗಳು ತಮ್ಮನ್ನು ಸರಿಯಾಗಿ ಪ್ರತಿನಿಧಿಸುತ್ತಿಲ್ಲವಾದ್ದರಿಂದ ಮೂರನೆಯ ದೊಡ್ಡ ಪಕ್ಷ ಬೇಕು ಎಂದಿದ್ದರು. ಇಷ್ಟು ಜನ ಬೇಕೆನ್ನುವ ಪಕ್ಷ ಏಕೆ ಬೇರೂರುವುದಿಲ್ಲ? 1992ರಲ್ಲಿ ಪಕ್ಷೇತರರಾಗಿ ನಿಂತ ರಾಸ್ ಪೆರೋ ಅವರಿಗೆ ಶೇ. 18.9ರಷ್ಟು, ಅಂದರೆ ಸುಮಾರು 1 ಕೋಟಿ 97 ಲಕ್ಷ ಮತಗಳು ಬಂದರೂ ಒಂದೇ ಒಂದು ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯಕ್ಕೆ ಇಂತಿಷ್ಟೆಂದು ಇರುವ ಮತ) ಸಿಗಲಿಲ್ಲ. ನಮ್ಮ ರಾಜ್ಯದಲ್ಲಿ 2018ರ ವಿಧಾನಸಭಾ ಚುನಾವಣೆಯಲ್ಲಿ ಜಾತ್ಯತೀತ ಜನತಾದಳಕ್ಕೆ ಬಂದದ್ದು ಹೆಚ್ಚುಕಡಿಮೆ ಅಷ್ಟೇ, ಶೇ. 18.3, ಆದರೆ ಅದು 37 ಸ್ಥಾನ ಗೆದ್ದಿತು, ಅದರ ನಾಯಕರೇ ಮುಖ್ಯಮಂತ್ರಿಯಾದರು. ಎರಡೂ ಕಡೆ ಹೆಚ್ಚು ಮತ ಪಡೆದವರು ಗೆಲ್ಲುವ ಪದ್ಧತಿಯೇ ಇರುವಾಗ ಈ ವ್ಯತ್ಯಾಸ ಎಲ್ಲಿಂದ ಬಂತು? ತಿಳಿದವರು ವಿವರವಾಗಿ ಬರೆಯಬೇಕೆಂದು ವಿನಂತಿ.

ಉತ್ತರ: ಕೋಡಿಬಾಗ, ಕಾರವಾರ

ಅಕ್ಕನವರೇ, ನೀವು ಇಟ್ಟ ಹೋಲಿಕೆಯಲ್ಲಿಯೇ ಉತ್ತರದ ಅರ್ಧ ಭಾಗವಿದೆ. ಜನತಾದಳದ ಮತ ಹಳೆ ಮೈಸೂರು ಭಾಗದಲ್ಲಿ ಒತ್ತಾಗಿತ್ತು. ಪೆರೋ ಅವರ ಮತ ಇಡೀ ದೇಶದಲ್ಲಿ ತೆಳ್ಳಗೆ ಹರಡಿತ್ತು. ಅಮೆರಿಕದಲ್ಲಿ ಮೇಯ್ನ್ ಮತ್ತು ನೆಬ್ರಾಸ್ಕಾ ಎರಡನ್ನು ಬಿಟ್ಟರೆ ಉಳಿದ ಪ್ರತಿ ರಾಜ್ಯದಲ್ಲಿಯೂ ಮೊದಲು ಬಂದವರಿಗೆ ಆ ರಾಜ್ಯದ ಎಲೆಕ್ಟೋರಲ್ ಮತಗಳೆಲ್ಲ ಸಲ್ಲುತ್ತವೆ, ಎರಡನೆಯವರಿಗೂ ಮೂರನೆಯವರಿಗೂ ಸೊನ್ನೆ. 1968ರಲ್ಲಿ ಜಾರ್ಜ್ ವಾಲೆಸ್ ಪೆರೋ ಅವರಿಗಿಂತ ಕಡಿಮೆ, ಶೇ. 13.5ರಷ್ಟು ಮತ ಪಡೆದೂ ದಕ್ಷಿಣದ 5 ರಾಜ್ಯಗಳನ್ನು ಗೆದ್ದು 46 ಎಲೆಕ್ಟೋರಲ್ ಮತ ಗಳಿಸಿದರು, ಏಕೆಂದರೆ ಅವರ ಬೆಂಬಲವೆಲ್ಲ ಒಂದೇ ಪ್ರದೇಶದಲ್ಲಿತ್ತು. ಅವರು ನಿಂತದ್ದು ಕರಿಯರನ್ನು ಬೇರೆಯಾಗಿಯೇ ಇಡಬೇಕೆಂಬ ವಾದದ ಮೇಲೆ. ಮೂರನೆಯದು ಎಂಬ ಕಾರಣಕ್ಕೆ ಮಾತ್ರ ಯಾವ ಪಕ್ಷವೂ ಒಳ್ಳೆಯದಾಗುವುದಿಲ್ಲ ಎಂಬುದನ್ನು ನಾನು ಮೊದಲೇ ಹೇಳಿಬಿಡಬೇಕು.

ಇಂಥ ಪದ್ಧತಿಯಲ್ಲಿ ಕಣ ಎರಡು ಪಕ್ಷಗಳಿಗೆ ಇಳಿಯುತ್ತದೆ ಎಂದು ಫ್ರಾನ್ಸಿನ ವಿದ್ವಾಂಸ ಮಾರಿಸ್ ದುವರ್ಜೆ 1950ರ ದಶಕದಲ್ಲಿಯೇ ವಿವರಿಸಿದ್ದರು. ಆದರೆ ಅದು ನಿಜಕ್ಕೂ ನಡೆಯುವುದು ಕ್ಷೇತ್ರದ ಮಟ್ಟದಲ್ಲಿ. ನಮ್ಮ ಜಿಲ್ಲೆಯನ್ನೇ ನೋಡಿ: 2013ರಲ್ಲಿ ಕಾರವಾರ ಮತ್ತು ಭಟ್ಕಳ ಎರಡರಲ್ಲಿಯೂ ಗೆದ್ದವರು ಪಕ್ಷೇತರರು. 2023ರಲ್ಲಿ ಕುಮಟಾದಲ್ಲಿ ಹೋರಾಟ ನಡೆದದ್ದು ಭಾಜಪ ಮತ್ತು ಜನತಾದಳದ ನಡುವೆ, ಅಂತರ 700ಕ್ಕೂ ಕಡಿಮೆ. ಆ ವರ್ಷ ರಾಜ್ಯವನ್ನೇ ಗೆದ್ದ ಕಾಂಗ್ರೆಸ್ ಅಲ್ಲಿ ಮೂರನೆಯ ಸ್ಥಾನದಲ್ಲಿತ್ತು. ಪ್ರತಿ ಕ್ಷೇತ್ರಕ್ಕೆ ತನ್ನದೇ ಆದ ಇಬ್ಬರು ಇರಬಹುದಾದ್ದರಿಂದ ವಿಧಾನಸೌಧದಲ್ಲಿ ಮೂರು ಪಕ್ಷಗಳು ಕೂರುತ್ತವೆ. ಯಾರಿಗೂ ಬಹುಮತ ಬಾರದಾಗ ಮೂರನೆಯವರಿಗೆ ಬೆಲೆ ಬರುತ್ತದೆ. ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಮುಖ್ಯಮಂತ್ರಿಯಾದದ್ದೂ ಬೇರೆ ಪಕ್ಷಗಳ ಬೆಂಬಲದಿಂದಲೇ.

ಅಧ್ಯಕ್ಷರ ಪದವಿಯನ್ನು ಹಾಗೆ ಹಂಚಿಕೊಳ್ಳಲಾಗುವುದಿಲ್ಲ. 538 ಎಲೆಕ್ಟೋರಲ್ ಮತಗಳಲ್ಲಿ 270 ಯಾರಿಗೂ ಬಾರದಿದ್ದರೆ ಆಯ್ಕೆ ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಹೋಗುತ್ತದೆ, ಅಲ್ಲಿ ರಾಜ್ಯಕ್ಕೊಂದರಂತೆ ಮತ. ಆ ಸಭೆ ಎರಡು ಪಕ್ಷಗಳ ಕೈಯಲ್ಲಿಯೇ ಇರುವಾಗ ಮೂರನೆಯವರು ಎರಡೋ ಮೂರೋ ರಾಜ್ಯಗಳನ್ನು ಗೆದ್ದರೆ ಅಧಿಕಾರದ ಹತ್ತಿರವೂ ಬರಲಾರರು.

ಉತ್ತರ: ವಕೀಲ, ಕುಮಟಾ

ಮೇಲಿನವರು ಎಣಿಕೆಯ ಬಗ್ಗೆ ಹೇಳಿದರು. ನಾನು ನಾಮಪತ್ರದ ಬಗ್ಗೆ ಹೇಳುತ್ತೇನೆ. ನಮ್ಮಲ್ಲಿ ಲೋಕಸಭೆಗೆ ಪಕ್ಷೇತರರಾಗಿ ನಿಲ್ಲಲು ಹತ್ತು ಜನ ಸೂಚಕರು ಮತ್ತು 25,000 ರೂಪಾಯಿ ಠೇವಣಿ ಸಾಕು. ಅಲ್ಲಿ ಅಧ್ಯಕ್ಷ ಪದವಿಗೆ ಮತಪತ್ರದಲ್ಲಿ ಹೆಸರು ಬರಬೇಕಾದರೆ ಪ್ರತಿ ರಾಜ್ಯದಲ್ಲಿ ಬೇರೆಬೇರೆ ಕಾನೂನಿನಂತೆ ಸಹಿ ಸಂಗ್ರಹಿಸಬೇಕು. ಕ್ಯಾಲಿಫೋರ್ನಿಯಾ ಒಂದರಲ್ಲಿಯೇ ಪಕ್ಷೇತರರಿಗೆ ಬೇಕಾದದ್ದು ಎರಡು ಲಕ್ಷಕ್ಕೂ ಹೆಚ್ಚು. ಈ ಕಾನೂನು ಮಾಡುವವರು ಅದೇ ಎರಡು ಪಕ್ಷಗಳ ಶಾಸಕರು. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಕಾರಣವನ್ನು ನಾವು ಇಲ್ಲಿ ಕುಳಿತು ಸುಲಭವಾಗಿ ಊಹಿಸಲಾರೆವು. ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಟಿಕೆಟ್ ತಪ್ಪಿದವರು ಬಂಡಾಯವೆದ್ದು ಹೊರಗೆ ನಿಲ್ಲುತ್ತಾರೆ. ಅಲ್ಲಿ ಅಭ್ಯರ್ಥಿಯನ್ನು ಪ್ರೈಮರಿ ಚುನಾವಣೆಯಲ್ಲಿ ಮತದಾರರೇ ಆರಿಸುವುದರಿಂದ ಬಂಡಾಯಗಾರರು ಪಕ್ಷದ ಒಳಗೇ ಹೊಕ್ಕು ಅದನ್ನು ಹಿಡಿಯಲು ನೋಡುತ್ತಾರೆ. ವರ್ಮಾಂಟಿನ ಪಕ್ಷೇತರ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅಧ್ಯಕ್ಷ ಪದವಿಗೆ ಯತ್ನಿಸಿದಾಗ ಡೆಮಾಕ್ರಟಿಕ್ ಪ್ರೈಮರಿಗೇ ಇಳಿದರು. ಡೊನಾಲ್ಡ್ ಟ್ರಂಪ್ 2000ದ ಚುನಾವಣೆಗೆ ಪೆರೋ ಕಟ್ಟಿದ ರಿಫಾರ್ಮ್ ಪಕ್ಷದಿಂದ ನಿಲ್ಲುವ ಯೋಚನೆ ಮಾಡಿ ಕೈಬಿಟ್ಟವರು. 2016ರಲ್ಲಿ ರಿಪಬ್ಲಿಕನ್ ಪಕ್ಷದ ಒಳಗಿನಿಂದ ಬಂದು ಗೆದ್ದರು. ಮೂರನೇ ಪಕ್ಷಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಹೀಗೆ ಆ ಎರಡರೊಳಗೇ ಇಂಗಿಹೋಗುತ್ತದೆ.

ಉತ್ತರ: ನಿವೃತ್ತ ಮಾಸ್ತರು, ಹೊನ್ನಾವರ

ಇಬ್ಬರೂ ಗೆಲುವನ್ನೇ ಅಳತೆಗೋಲಾಗಿ ಇಟ್ಟುಕೊಂಡಿರುವುದಕ್ಕೆ ನನ್ನ ಆಕ್ಷೇಪವಿದೆ. 1892ರಲ್ಲಿ ಪಾಪ್ಯುಲಿಸ್ಟ್ ಪಕ್ಷವೆಂದು ರೈತರು ಕಟ್ಟಿದ ಪಕ್ಷವೊಂದು ಒಮಾಹಾ ನಗರದಲ್ಲಿ ಸೇರಿ ತನ್ನ ಬೇಡಿಕೆಗಳನ್ನು ಘೋಷಿಸಿತು. ಬೆಳೆಗೆ ಬೆಲೆಯಿಲ್ಲದೆ, ಸಾಲದಲ್ಲಿ ಸಿಕ್ಕಿ, ರೈಲು ಕಂಪನಿಗಳು ಹೇಳಿದ ಬಾಡಿಗೆ ತೆತ್ತು ಸೋತವರು ಅವರು. ಹೆಚ್ಚು ಆದಾಯದವರಿಗೆ ಹೆಚ್ಚು ತೆರಿಗೆ ಇರಬೇಕು, ಸೆನೆಟರನ್ನು ಜನರೇ ನೇರವಾಗಿ ಆರಿಸಬೇಕು ಎಂದು ಅವರು ಕೇಳಿದರು. ಅವರ ಅಭ್ಯರ್ಥಿ ಜೇಮ್ಸ್ ವೀವರ್ ಅವರಿಗೆ ಸಿಕ್ಕಿದ್ದು 22 ಎಲೆಕ್ಟೋರಲ್ ಮತ ಮಾತ್ರ, ಪಕ್ಷವೂ ಹೆಚ್ಚು ಕಾಲ ಬಾಳಲಿಲ್ಲ. ಆದರೆ 1913ರಲ್ಲಿ ಸಂವಿಧಾನಕ್ಕೆ 16ನೆಯ ಮತ್ತು 17ನೆಯ ತಿದ್ದುಪಡಿಗಳು ಬಂದು ಆದಾಯ ತೆರಿಗೆಯೂ ಸೆನೆಟಿನ ನೇರ ಚುನಾವಣೆಯೂ ಕಾನೂನಾದವು. ದೊಡ್ಡ ಪಕ್ಷಗಳು ಆ ಬೇಡಿಕೆಗಳನ್ನು ತಮ್ಮವನ್ನಾಗಿ ಮಾಡಿಕೊಂಡದ್ದು ಅದರ ಹಿಂದೆ ಮತವಿದೆ ಎಂದು ಕಂಡ ಮೇಲೆ. ಆ ರೈತರು ಹಾಕಿದ ಮತವನ್ನು ಹಾಳಾದ ಮತ ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಉತ್ತರ: ಕೋಡಿಬಾಗ, ಕಾರವಾರ

ಮಾಸ್ತರರೇ, ತಾವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಆ ದಾರಿಯಲ್ಲಿ ಮತದಾರ ತೆರುವ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 1912ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ರಿಪಬ್ಲಿಕನ್ ಪಕ್ಷ ಬಿಟ್ಟು ನಿಂತದ್ದರಿಂದ ಆ ಪಕ್ಷದ ಮತ ಒಡೆದು, ವುಡ್ರೋ ವಿಲ್ಸನ್ ಸುಮಾರು ಶೇ. 42 ಮತದಲ್ಲಿ 435 ಎಲೆಕ್ಟೋರಲ್ ಮತ ಪಡೆದರು. 2000ದಲ್ಲಿ ಅಧ್ಯಕ್ಷರು ಯಾರೆಂದು ನಿರ್ಧರಿಸಿದ ಫ್ಲೋರಿಡಾದಲ್ಲಿ ರಿಪಬ್ಲಿಕನ್ ಬುಷ್ ಡೆಮಾಕ್ರಟ್ ಗೋರ್ ಅವರನ್ನು ಸೋಲಿಸಿದ ಅಂತರ 537 ಮತ. ಅಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅವರಿಗೆ 97,000ಕ್ಕೂ ಹೆಚ್ಚು ಮತಗಳು ಬಿದ್ದಿದ್ದವು. ಅಕ್ಕನವರ ಸೊಸೆಗೆ ಗೆಳತಿಯರು ಹೇಳಿದ ಭಯದ ಮೂಲ ಇಲ್ಲಿದೆ, ಅದು ಸುಳ್ಳು ಭಯವಲ್ಲ.

ಆದ್ದರಿಂದ ಪಕ್ಷಕ್ಕಿಂತ ಮೊದಲು ಬದಲಾಗಬೇಕಾದದ್ದು ಎಣಿಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮೇಯ್ನ್ ರಾಜ್ಯದಲ್ಲಿ 2010ರ ಗವರ್ನರ್ ಚುನಾವಣೆಯನ್ನು ಶೇ. 38ಕ್ಕೂ ಕಡಿಮೆ ಮತ ಪಡೆದವರು ಗೆದ್ದರು, ಎರಡನೆಯ ಸ್ಥಾನ ಒಬ್ಬ ಪಕ್ಷೇತರರಿಗೆ ಬಂತು. ಅಲ್ಲಿನ ಜನ 2016ರಲ್ಲಿ ಜನಮತಗಣನೆಯ ಮೂಲಕ ಪ್ರಾಶಸ್ತ್ಯದ ಮತವನ್ನು ತಂದರು. ನಮ್ಮ ವಿಧಾನ ಪರಿಷತ್ತಿನ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಲ್ಲಿ ಹೆಸರುಗಳ ಮುಂದೆ 1, 2, 3 ಎಂದು ಬರೆಯುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕ್ರಮ. ಮಾಸ್ತರರು ಎಷ್ಟೋ ಬಾರಿ ಹಾಗೆ ಮತ ಹಾಕಿರಬಹುದು. ಕಡಿಮೆ ಮತ ಪಡೆದವರು ಹೊರಬಿದ್ದಾಗ ಅವರಿಗೆ ಹಾಕಿದವರ ಎರಡನೆಯ ಪ್ರಾಶಸ್ತ್ಯ ಲೆಕ್ಕಕ್ಕೆ ಬರುತ್ತದೆ. 2018ರಲ್ಲಿ ಮೇಯ್ನಿನಲ್ಲಿ ಪ್ರತಿನಿಧಿ ಸಭೆಯ ಎರಡನೆಯ ಕ್ಷೇತ್ರದಲ್ಲಿ ಮೊದಲ ಸುತ್ತಿನಲ್ಲಿ ಹಿಂದಿದ್ದ ಜ್ಯಾರೆಡ್ ಗೋಲ್ಡನ್, ಇಬ್ಬರು ಪಕ್ಷೇತರರ ಮತಗಳು ಮರುಹಂಚಿಕೆಯಾದ ಮೇಲೆ ಗೆದ್ದರು.

ದಾರಿ ಸುಲಭವಲ್ಲ. 2024ರಲ್ಲಿ ಕೊಲರಾಡೊ, ನೆವಾಡಾ, ಆರೆಗಾನ್, ಐಡಹೊ ರಾಜ್ಯಗಳ ಮತದಾರರು ಇಂಥ ಪ್ರಸ್ತಾವಗಳನ್ನು ತಳ್ಳಿಹಾಕಿದರು. ಅಲಾಸ್ಕಾದಲ್ಲಿ ಜಾರಿಯಲ್ಲಿದ್ದ ಪದ್ಧತಿ ಒಂದು ಸಾವಿರಕ್ಕೂ ಕಡಿಮೆ ಮತಗಳಿಂದ ಉಳಿಯಿತು.

ಪ್ರಶ್ನೆ ಕೇಳಿದವರು: ಹುಲೇಕಲ್ ರಸ್ತೆ, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅವಳೊಂದಿಗೆ ಮಾತನಾಡುವಾಗ ಈ ಉತ್ತರಗಳನ್ನು ಓದಿ ಹೇಳಿದೆ. 1992ರಿಂದ ನ್ಯೂಜೆರ್ಸಿ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟರನ್ನು ಬಿಟ್ಟು ಬೇರೆಯವರನ್ನು ಗೆಲ್ಲಿಸಿಲ್ಲವೆಂದೂ, ಹಾಗಿರುವಾಗ ತಾನು ಫ್ಲೋರಿಡಾದ ಭಯವನ್ನು ಹೊತ್ತು ಮತ ಹಾಕಬೇಕಾಗಿರಲಿಲ್ಲವೆಂದೂ ಅವಳೇ ಹೇಳಿದಳು. ಹೊನ್ನಾವರದ ಮಾಸ್ತರರು ಬರೆದ ರೈತರ ಕಥೆಯನ್ನು ಎರಡನೆಯ ಬಾರಿ ಓದಿಸಿಕೊಂಡಳು. ಪ್ರಾಶಸ್ತ್ಯದ ಮತಕ್ಕಾಗಿ ತನ್ನ ರಾಜ್ಯದಲ್ಲಿ ಕೆಲಸ ಮಾಡುತ್ತಿರುವವರು ಯಾರಿದ್ದಾರೆಂದು ಈ ವಾರ ವಿಚಾರಿಸುತ್ತಾಳಂತೆ.