ಡಿಗ್ರಿ ಬೇಕಂದ್ರೆ ಈಜು ಬರಲೇಬೇಕಾ?

ಹೊಸ ವಿದ್ಯಾರ್ಥಿನಿ:
ನಾನು ಸೇರಲಿರುವ ಯೂನಿವರ್ಸಿಟಿಯಲ್ಲಿ ಡಿಗ್ರಿ ಸಿಗಬೇಕಾದರೆ 50 ಮೀಟರ್ ಈಜಿ ತೋರಿಸಬೇಕಂತೆ. ನಾನು ಓದೋದು ಗಣಿತ. ಚಿಕ್ಕವಳಿದ್ದಾಗ ಕೋಚ್ ಒಬ್ಬರು ಹೇಳದೆ ಕೇಳದೆ ಆಳದ ಕಡೆ ತಳ್ಳಿಬಿಟ್ಟಿದ್ದರು. ಆಮೇಲಿಂದ ನೀರು ಕುತ್ತಿಗೆ ಮಟ್ಟಕ್ಕೆ ಬಂದರೆ ಸಾಕು, ಎದೆ ಡವಡವ ಅನ್ನುತ್ತದೆ. ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ ವಿನಾಯಿತಿ ಸಿಗುತ್ತದೆ ಅಂತ ಸೀನಿಯರ್ ಒಬ್ಬರು ಹೇಳಿದರು. ತಗೊಂಡುಬಿಡಲಾ? ಇಂಥ ನಿಯಮ ನಿಜಕ್ಕೂ ಬೇಕಾ?

ಹಳೇ ವಿದ್ಯಾರ್ಥಿ:
ಬೇಡ ಅಂತಲೇ ನನ್ನ ಅಭಿಪ್ರಾಯ. ಚಿಕ್ಕಂದಿನಿಂದ ಪೂಲ್ ಕಂಡವರಿಗೆ ಇದು ಹತ್ತು ನಿಮಿಷದ ಕೆಲಸ. ಕಾಣದವರಿಗೆ ವರ್ಷಗಟ್ಟಲೆ ತಲೆನೋವು. ಅಮೆರಿಕದ ಡಾರ್ಟ್‌ಮತ್ ಕಾಲೇಜು 2022ರಲ್ಲಿ ಈ ಪರೀಕ್ಷೆ ಕೈಬಿಟ್ಟಿತು. ಈಜು ಕಲಿಯುವ ಅವಕಾಶ ಎಲ್ಲರಿಗೂ ಒಂದೇ ತರ ಸಿಕ್ಕಿರುವುದಿಲ್ಲ ಅನ್ನುವ ಮಾತು ಅಲ್ಲಿ ಬಂದಿತ್ತು. ಷಿಕಾಗೊ ಯೂನಿವರ್ಸಿಟಿ ಅದಕ್ಕೂ ಮೊದಲೇ ಬಿಟ್ಟಿತ್ತು.

ಈಜು ಟೀಚರ್:
ಸರ್ಟಿಫಿಕೇಟ್ ತಗೋಬೇಡಿ. ಕಾಯಿಲೆ ಇರುವವರಿಗೆ ಅದು ಬೇಕು. ಭಯ ಇರುವವರಿಗೆ ಬೇಕಿರುವುದು ಒಳ್ಳೆ ಟೀಚರ್. ನಾನು ದೊಡ್ಡವರಿಗೇ ಕಲಿಸುವವಳು, ನಿಮ್ಮ ಹಾಗೆ ಹೆದರಿ ಬಂದವರೇ ನನ್ನ ಹತ್ತಿರ ಜಾಸ್ತಿ.

ಮೊದಲು ನಿಯಮ ಪೂರ್ತಿ ಓದಿ. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯಲ್ಲಿ 75 ಗಜ, ಅಂದರೆ ಸುಮಾರು 69 ಮೀಟರ್. ಇಷ್ಟೇ ಹೊತ್ತಲ್ಲಿ ಮುಗಿಸಬೇಕು ಅಂತಿಲ್ಲ. ಅಮೆರಿಕದ್ದೇ ಎಂಐಟಿ ಯೂನಿವರ್ಸಿಟಿಯಲ್ಲಿ 100 ಗಜ. ಚೀನಾದ ಸಿಂಗ್ಹುವಾ ಯೂನಿವರ್ಸಿಟಿ 2017ರಲ್ಲಿ ತಂದ ನಿಯಮದಲ್ಲಿ ನಿಮ್ಮ ಹಾಗೇ 50 ಮೀಟರ್, ಹೇಗೆ ಈಜಿದರೂ ಸರಿ. ಈ ಮೂರೂ ಕಡೆ ಪಾಸಾಗದವರಿಗೆ ಅಲ್ಲೇ ಕ್ಲಾಸ್ ಇದೆ. ನಿಮ್ಮಲ್ಲೂ ಇದೆಯಾ ನೋಡಿ. ಕಲಿಸದೆ ಬರೀ ಪರೀಕ್ಷೆ ಇಟ್ಟರೆ ಅದು ಅನ್ಯಾಯ, ನಿಮ್ಮ ಪರ ನಾನೂ ಅರ್ಜಿ ಬರೆಯುತ್ತೇನೆ.

ಹಳೇ ವಿದ್ಯಾರ್ಥಿ ಹೇಳಿದ ಕಾರಣ ಸರಿ, ಮದ್ದು ಸರಿಯಿಲ್ಲ. ನಿಯಮ ತೆಗೆದರೆ ಪೂಲ್ ಕಂಡವರಿಗೆ ಏನೂ ನಷ್ಟವಿಲ್ಲ. ಕಾಣದವರಿಗೆ ಸಿಗಬೇಕಿದ್ದ ಕ್ಲಾಸೂ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ನೀರಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ ಜನ. ಮುಳುಗುವವರು ಎಷ್ಟೋ ಸಲ ಕೂಗುವುದೂ ಇಲ್ಲ. ಬಾಯಿ ನೀರಿಂದ ಮೇಲೆ ಬಂದ ಅರೆಕ್ಷಣದಲ್ಲಿ ಉಸಿರು ಎಳೆಯುವುದೇ ಕಷ್ಟ, ಇನ್ನು ಕೂಗುವುದೆಲ್ಲಿ?

ಈಗ ನಿಮ್ಮ ಭಯದ ವಿಷಯ. ನಾನು ಮೊದಲು ಈಜು ಕಲಿಸುವುದಿಲ್ಲ, ಎದ್ದು ನಿಲ್ಲುವುದನ್ನು ಕಲಿಸುತ್ತೇನೆ. ಸೊಂಟದ ಮಟ್ಟದ ನೀರಲ್ಲಿ ಅಂಗಾತ ಮಲಗಿದವರಿಗೆ ತೇಲುವುದು ಕಷ್ಟವಲ್ಲ. ವಾಪಸ್ ಕಾಲೂರುವುದು ಹೇಗೆ ಅಂತ ಗೊತ್ತಿರುವುದಿಲ್ಲ, ಭಯ ಅಲ್ಲಿಂದ ಬರುತ್ತದೆ. ಆಗ ತಲೆ ಎತ್ತುತ್ತಾರೆ. ತಲೆ ಎತ್ತಿದ ಕೂಡಲೇ ಸೊಂಟ ಕೆಳಗಿಳಿಯುತ್ತದೆ, ಮೂಗಿಗೆ ನೀರು ನುಗ್ಗುತ್ತದೆ. ಮಂಡಿ ಎದೆ ಕಡೆಗೆ ಎಳೆದುಕೊಳ್ಳಿ. ಗದ್ದ ಎದೆ ಕಡೆ ತನ್ನಿ. ಅಂಗೈಯಿಂದ ನೀರನ್ನು ಹಿಂದಿನಿಂದ ಮುಂದಕ್ಕೆ ತಳ್ಳಿ. ಮೈ ತಾನಾಗೇ ತಿರುಗುತ್ತದೆ, ಆಗ ಕಾಲು ಕೆಳಗೆ ಬಿಡಿ. ಇದು ಬಂದ ದಿನ ಜನರ ಹೆಗಲು ಸಡಿಲವಾಗುವುದು ದಡದಿಂದಲೇ ಕಾಣುತ್ತದೆ. ಆಮೇಲೆ ಮುಖ ನೀರಲ್ಲಿಟ್ಟು ನಿಧಾನವಾಗಿ ಗುಳ್ಳೆ ಬಿಡುವುದು. ಉಸಿರು ಬಿಗಿಹಿಡಿಯಬೇಡಿ, ಬಿಡುತ್ತಾ ಇರಿ. 50 ಮೀಟರ್ ಮಾತು ಆಮೇಲೆ.

ಇದೆಲ್ಲ ಶಾಲೆಯಲ್ಲೇ ಆಗಿದ್ದರೆ ನೀವು ಇವತ್ತು ಈ ಪ್ರಶ್ನೆ ಕೇಳುವ ಹಾಗೇ ಇರಲಿಲ್ಲ. ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಮಕ್ಕಳು ಪ್ರೈಮರಿ ಮುಗಿಸುವಷ್ಟರಲ್ಲಿ 25 ಮೀಟರ್ ಈಜಬೇಕು, ನೀರಲ್ಲಿ ತಮ್ಮನ್ನು ತಾವು ಉಳಿಸಿಕೊಳ್ಳುವುದನ್ನೂ ಕಲಿತಿರಬೇಕು. ನೆದರ್ಲೆಂಡ್ಸ್‌ನಲ್ಲಿ ಈಜಿನ ಸರ್ಟಿಫಿಕೇಟಿಗೆ ಮಕ್ಕಳು ಮೈಮೇಲಿನ ಬಟ್ಟೆ ಸಮೇತ ಈಜಿ ತೋರಿಸುತ್ತಾರೆ. ಎಷ್ಟು ಒಳ್ಳೆ ಯೋಚನೆ ಅಲ್ವಾ? ಕಾಲು ಜಾರಿ ಬೀಳುವವರು ಈಜುಡುಗೆ ಹಾಕಿಕೊಂಡು ಬೀಳುತ್ತಾರಾ?

ಇಬ್ಬರು ಹೆಣ್ಣುಮಕ್ಕಳ ಅಪ್ಪ:
ಬಟ್ಟೆ ಅಂದಾಗ ಇನ್ನೊಂದು ಮಾತು. ಎಷ್ಟೋ ಹುಡುಗಿಯರು ಹಿಂದೆ ಸರಿಯುವುದು ನೀರಿಗೆ ಹೆದರಿ ಅಲ್ಲ, ಎಲ್ಲರೆದುರು ಈಜುಡುಗೆಯಲ್ಲಿ ನಿಲ್ಲಬೇಕಲ್ಲ ಅಂತ. ಸ್ವಿಟ್ಜರ್‌ಲೆಂಡಿನಲ್ಲಿ ಗಂಡುಮಕ್ಕಳ ಜೊತೆ ಈಜು ಬೇಡ ಅಂತ ಅಪ್ಪ ಅಮ್ಮ ಹೆಣ್ಣುಮಕ್ಕಳನ್ನು ಕ್ಲಾಸಿಗೆ ಕಳಿಸಲಿಲ್ಲ, ದಂಡ ಬಿತ್ತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2017ರಲ್ಲಿ ದಂಡ ಸರಿ ಅಂದಿತು. ಆದರೆ ಅಲ್ಲಿ ಮೈತುಂಬ ಮುಚ್ಚುವ ಬುರ್ಕಿನಿಗೆ ಮೊದಲೇ ಒಪ್ಪಿಗೆ ಇತ್ತು, ಹುಡುಗರ ಕಣ್ಣಿಗೆ ಬೀಳದೆ ಬಟ್ಟೆ ಬದಲಿಸಲೂ ಜಾಗವಿತ್ತು. ಕಡ್ಡಾಯ ಮಾಡುವವರು ಇಷ್ಟು ಮಾಡಲೇಬೇಕು. ನೀವೂ ಉಡುಗೆ ಬಗ್ಗೆ ಮೊದಲೇ ಕೇಳಿಕೊಳ್ಳಿ.

ಹೊಸ ವಿದ್ಯಾರ್ಥಿನಿ:
ನಿಯಮ ತೆಗೆದು ಓದಿದೆ. ಬಾರದವರಿಗೆ ಒಂದು ಸೆಮಿಸ್ಟರ್ ಕ್ಲಾಸ್ ಇದೆ, ಮೈತುಂಬ ಮುಚ್ಚುವ ಈಜುಡುಗೆ ಹಾಕಬಹುದು. ಹೆಸರು ಕೊಡುತ್ತೇನೆ. ಟೀಚರ್, ನನಗೆ ಕನ್ನಡಕ ಇಲ್ಲದೆ ಏನೂ ಕಾಣುವುದಿಲ್ಲ, ಅದಕ್ಕೇನು ಮಾಡಲಿ?

ಈಜು ಟೀಚರ್:
ತುಂಬಾ ಖುಷಿಯಾಯಿತು! ಪವರ್ ಇರುವ ಗಾಗಲ್ಸ್ ಸಿಗುತ್ತವೆ, ತಗೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಮಾತ್ರ ಇಳಿಯಬೇಡಿ, ಕಣ್ಣಿಗೆ ಸೋಂಕು ತಗಲಬಹುದು. ನಿಮ್ಮನ್ನು ತಳ್ಳಿದ್ದ ವಿಷಯ ಮೊದಲ ದಿನವೇ ಕೋಚ್‌ಗೆ ಹೇಳಿ. ಹೇಳದೆ ಮುಟ್ಟಬೇಡಿ, ಹಿಡಿದ ಕೈ ಕೇಳದೆ ಬಿಡಬೇಡಿ ಅಂತ ನೇರವಾಗಿ ಹೇಳಿ. ಗೋಡೆ ಪಕ್ಕದ ಲೇನ್ ಕೇಳಿ.