ವಯಸ್ಸಾದ ಮೇಲೆ ಭರತನಾಟ್ಯ: ಹಸ್ತ, ತಾಳ ಎರಡೂ ಒಟ್ಟಿಗೆ ಹಿಡಿಯೋದು ಹೇಗೆ?

ಕೇಳಿದವರು: ಭರತನಾಟ್ಯ ಕ್ಲಾಸಿಗೆ ಹೊಸದಾಗಿ ಸೇರಿದ್ದೇನೆ. ಜೊತೆಗಿರುವವರೆಲ್ಲ ಮಕ್ಕಳು. 28 ಅಸಂಯುತ ಹಸ್ತಗಳನ್ನೂ (ಒಂದೇ ಕೈಯ ಮುದ್ರೆಗಳು) ಗಿಳಿಪಾಠ ಒಪ್ಪಿಸಿಬಿಡುತ್ತಾರೆ. ನನಗೆ ಕಾಲು ಸರಿಯಾದರೆ ತಾಳ ತಪ್ಪುತ್ತದೆ, ತಾಳ ಹಿಡಿದರೆ ಕೈ ಮರೆತೇ ಹೋಗುತ್ತದೆ. "ಎರಡನೇ ಕಾಲ" ಅಂದ ಕೂಡಲೇ ಗಾಬರಿ. ಯಾವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ತಡವಾಗಿ ಸೇರಿದವಳು: ನಾನು ಸೇರಿದ್ದೂ ಮಗಳ ಕ್ಲಾಸಿಗೇ, ನಿಮ್ಮ ಪಾಡು ಗೊತ್ತು. ಹೆಸರುಗಳನ್ನು ಸುಮ್ನೆ ಬಾಯಿಪಾಠ ಮಾಡೋಕೆ ಹೋಗಬೇಡಿ, ಬೆರಳನ್ನು ನೋಡಿ. ಪಟ್ಟಿಯ ಕ್ರಮದಲ್ಲೇ ಒಂದು ದಾರಿ ಇದೆ. ಪತಾಕ ಹಿಡಿಯಿರಿ: ಬೆರಳೆಲ್ಲ ನೆಟ್ಟಗೆ, ಒಂದಕ್ಕೊಂದು ಅಂಟಿಕೊಂಡು, ಹೆಬ್ಬೆರಳು ಮಾತ್ರ ಮಡಚಿ. ಈಗ ಉಂಗುರದ ಬೆರಳು ಬಗ್ಗಿಸಿ, ತ್ರಿಪತಾಕ ಆಯ್ತು. ಕಿರುಬೆರಳನ್ನೂ ಬಗ್ಗಿಸಿ, ಅರ್ಧಪತಾಕ. ನೆಟ್ಟಗಿರುವ ಎರಡು ಬೆರಳನ್ನು ಅಗಲಿಸಿ, ಕರ್ತರೀಮುಖ. ಸ್ವಲ್ಪ ಮುಂದೆ ಮುಷ್ಟಿಯಿಂದ ಇನ್ನೊಂದು ಸಾಲು ಶುರುವಾಗುತ್ತದೆ. ಮುಷ್ಟಿಯಲ್ಲಿ ಹೆಬ್ಬೆರಳು ಎತ್ತಿದರೆ ಶಿಖರ, ತೋರುಬೆರಳು ಬಾಗಿ ಅದರ ಮೇಲೆ ಕೂತರೆ ಕಪಿತ್ಥ. ತೋರುಬೆರಳು ಒಂದೇ ನೆಟ್ಟಗಾದರೆ ಸೂಚಿ, ಜೊತೆಗೆ ಹೆಬ್ಬೆರಳೂ ಬಿಚ್ಚಿಕೊಂಡರೆ ಚಂದ್ರಕಲಾ. 28ಕ್ಕೂ ಹೀಗೆ ಸರಪಳಿ ಸಿಗಲ್ಲ, ಪದ್ಮಕೋಶ, ಸಿಂಹಮುಖ ಎಲ್ಲ ಬೇರೆಯಾಗೇ ಕಲಿಯಬೇಕು. ಆದರೆ ಅರ್ಧ ಭಾರ ಇಳಿಯುತ್ತದೆ. ಇನ್ನು ತ್ರಿಪತಾಕದಲ್ಲಿ ಕಿರುಬೆರಳೂ ಜೊತೆಗೇ ಬಗ್ಗುತ್ತದೆ ಅಂತ ಬೇಜಾರಾಗಬೇಡಿ, ಶುರುವಿನಲ್ಲಿ ತುಂಬಾ ಜನರದ್ದು ಇದೇ ಕಥೆ. ಇನ್ನೊಂದು ಕೈಯಿಂದ ಅದನ್ನು ನೆಟ್ಟಗೆ ಹಿಡಿದು ಉಂಗುರದ ಬೆರಳನ್ನಷ್ಟೇ ಬಗ್ಗಿಸಿ ಅಭ್ಯಾಸ ಮಾಡಿ. ನಾನು ಟಿವಿ ನೋಡುತ್ತಾ ಮಾಡುತ್ತಿದ್ದೆ, ಮನೆಯವರು ನಗುತ್ತಿದ್ದರು, ನಗಲಿ ಬಿಡಿ.

ಮೃದಂಗದ ಕಡೆಯವನು: ಹಸ್ತ ನನಗೆ ಗೊತ್ತಿಲ್ಲ, ತಾಳದ್ದು ಹೇಳುತ್ತೇನೆ. ಮೊದಲು ಕೂತು ಮಾಡಿ, ಕಾಲು ಆಮೇಲೆ. ಆದಿತಾಳ ಹಾಕಿ: ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಇದು 4 ಎಣಿಕೆಯ ಲಘು. ನಂತರ ಪೆಟ್ಟು, ಹುಸಿ (ಅಂಗೈ ಮೇಲಕ್ಕೆ ತಿರುಗಿಸೋದು), ಮತ್ತೆ ಪೆಟ್ಟು, ಹುಸಿ. ಇವು ಎರಡು ದ್ರುತ. ಒಟ್ಟು 8, ಒಂದು ಆವರ್ತ ಮುಗಿಯಿತು.

ಎರಡನೇ ಕಾಲ ಅಂದರೆ ತಾಳ ಜೋರಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ, ಗಾಬರಿ ಆಗೋದೂ ಅದಕ್ಕೇ. ತಾಳ ಹಾಕುವ ಕೈ ಮೊದಲಿದ್ದ ವೇಗದಲ್ಲೇ ಇರುತ್ತದೆ. ಮೊದಲನೇ ತಟ್ಟಡವನ್ನೇ ತಗೊಳ್ಳಿ (ಅಡವು ಅಂದರೆ ಹೆಜ್ಜೆಯ ಪಾಠ, ತಟ್ಟಡವಿನಲ್ಲಿ ಪಾದ ನೆಲಕ್ಕೆ ತಟ್ಟೋದು). ಒಂದನೇ ಕಾಲದಲ್ಲಿ ಒಂದು ಎಣಿಕೆಗೆ ಒಂದು ತಟ್ಟು, ಅಂದರೆ ಆವರ್ತಕ್ಕೆ 8. ಎರಡನೇ ಕಾಲದಲ್ಲಿ ಅದೇ ಆವರ್ತದೊಳಗೆ 16, ಮೂರನೇ ಕಾಲದಲ್ಲಿ 32. ಹಾಗಾಗಿ ಒಂದನೇ ಕಾಲವನ್ನು ನಿಮಗೆ ಬೋರ್ ಆಗುವಷ್ಟು ನಿಧಾನ ಇಟ್ಟುಕೊಳ್ಳಿ. ನಿಜ ಹೇಳಬೇಕೆಂದರೆ ಕಷ್ಟದ್ದು ಆ ನಿಧಾನವೇ, ಎರಡು ಎಣಿಕೆಯ ಮಧ್ಯದ ಜಾಗದಲ್ಲೇ ಕಾಲು ತಡೆಯಲಾರದೆ ಮುಂದಕ್ಕೆ ಓಡಿಬಿಡುತ್ತದೆ. ಮೆಟ್ರೋನೋಮ್ ಆ್ಯಪ್ ಬಳಸಬಹುದು, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಟಿಕ್ ಟಿಕ್ ಅನ್ನುತ್ತದೆ ಅಷ್ಟೇ, ನೀವು ಲಘುವಿನಲ್ಲಿದ್ದೀರೋ ದ್ರುತದಲ್ಲಿದ್ದೀರೋ ಅಂತ ಕೈಬೆರಳಿನಿಂದಲೇ ಗೊತ್ತಾಗಬೇಕು.

ಪಾಠ ಹೇಳುವವಳು: ಮೇಲಿನವರ ಮಾತಿಗೆ ಸಣ್ಣ ತಕರಾರು. ಕೂತು ಕಲಿತ ತಾಳ ಅರೆಮಂಡಿಯಲ್ಲಿ, ಅಂದರೆ ಮಂಡಿ ಹೊರಕ್ಕೆ ಬಗ್ಗಿಸಿ, ನಿಂತ ಕೂಡಲೇ ಅರ್ಧ ಹಾರಿಹೋಗುತ್ತದೆ, ದಿನಾ ನೋಡುತ್ತೇನೆ. ಕೂತು ಹಾಕಿ, ಬೇಡ ಅನ್ನಲ್ಲ, ಆದರೆ ಅದೇ ದಿನ ಎದ್ದು ನಿಂತು ಸೊಲ್ಲುಕಟ್ಟನ್ನು (ಹೆಜ್ಜೆಗೆ ಹೇಳುವ ತಾಳದ ಅಕ್ಷರಗಳು) ಬಾಯಿಬಿಟ್ಟು ಹೇಳುತ್ತಾ ಕಾಲು ಹಾಕಿ. ಮನಸ್ಸಲ್ಲಿ ಹೇಳಿಕೊಂಡರೆ ಸಾಲದು. ತಟ್ಟಡವಿನಲ್ಲಿ ಕೈ ಸೊಂಟದ ಮೇಲೆ ಇರುತ್ತದೆ ಅಲ್ವಾ, ಆಗ ಕಾಲು ಮತ್ತು ತಾಳ ಎರಡೇ ಕೆಲಸ. ಕಾಲು ಚಾಚುವ ನಾಟಡವಿಗೆ ಬಂದಾಗ ಕೈ ಸೇರುತ್ತದೆ. ಆ ಕ್ರಮ ಬಿಟ್ಟು ಮೂರನ್ನೂ ಒಟ್ಟಿಗೆ ಎಳೆದುಕೊಂಡರೆ ನಿಮಗೆ ಆಗುತ್ತಿರುವುದೇ ಆಗುತ್ತದೆ.

ವಿನಿಯೋಗದ, ಅಂದರೆ ಯಾವ ಹಸ್ತ ಯಾವ ಅರ್ಥಕ್ಕೆ ಅನ್ನೋದರ, ಚಿಂತೆಯಂತೂ ಈಗ ಬೇಡವೇ ಬೇಡ. ಅಡವಿನಲ್ಲಿ ಹಿಡಿಯುವ ಪತಾಕಕ್ಕೆ ಅರ್ಥ ಇಲ್ಲ, ಅದು ನೃತ್ತ, ಅಂದಕ್ಕೆ. ಅದೇ ಕೈ ಅಭಿನಯಕ್ಕೆ ಬಂದಾಗ ಮೋಡ, ಕಾಡು, ನದಿ, "ಬೇಡ" ಅನ್ನೋದು, ಹೀಗೆ ಹತ್ತಾರು. ಪದವೋ ದೇವರನಾಮವೋ ಕಲಿಯುವಾಗ ಆ ಸಾಲಿಗೆ ಬೇಕಾದ್ದು ತಾನಾಗಿ ನೆನಪಲ್ಲಿ ಉಳಿಯುತ್ತದೆ. ಪರೀಕ್ಷೆ ಕಟ್ಟುವವರು ಬಾಯಿಪಾಠ ಮಾಡಲೇಬೇಕು, ಅದು ಬೇರೆ ಮಾತು.

ಇನ್ನೊಂದು. ಯೂಟ್ಯೂಬಿನಲ್ಲಿ ಕಂಡದ್ದನ್ನೆಲ್ಲ ಸೇರಿಸಬೇಡಿ. ನಾವು ಕಲಿಸುವ 28 ಅಭಿನಯದರ್ಪಣ ಅನ್ನುವ ಹಳೇ ಗ್ರಂಥದ ಲೆಕ್ಕ. ಕಥಕಳಿಯವರು ಹಸ್ತಲಕ್ಷಣದೀಪಿಕಾ ಹಿಡಿಯುತ್ತಾರೆ, ಅಲ್ಲಿ ಮೂಲ ಹಸ್ತ 24. ಅವರ ಪತಾಕದಲ್ಲಿ ಉಂಗುರದ ಬೆರಳು ಬಗ್ಗಿರುತ್ತದೆ, ಅಂದರೆ ನಮ್ಮ ತ್ರಿಪತಾಕ! ಹೆಸರು ನೋಡಿ ಹುಡುಕಿದರೆ ತಲೆ ಕೆಡುತ್ತದೆ.

ಮಂಡಿನೋವಿನವಳು: ಒಂದೇ ಮಾತು. ಅರೆಮಂಡಿಯಲ್ಲಿ ಪಾದ ಯಾವ ಕಡೆ ತಿರುಗಿದೆಯೋ ಮಂಡಿಯೂ ಅದೇ ಕಡೆ ಹೋಗಬೇಕು. ಸೊಂಟದಿಂದ ತೆರೆಯದೆ ಪಾದವನ್ನಷ್ಟೇ ತಿರುಗಿಸಿ ಕೂತರೆ ಮಂಡಿ ಮುಂದಕ್ಕೆ ಬೀಳುತ್ತದೆ, ಆಮೇಲೆ ನೋವು ತಪ್ಪಿದ್ದಲ್ಲ. ಬಗ್ಗಿದಷ್ಟೇ ಸಾಕು, ಮಕ್ಕಳ ಜೊತೆ ಪೈಪೋಟಿ ಬೇಡ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ ಉಳಿಯಿತು. ತಿಶ್ರ ಅಂದರೆ 3 ತಾನೆ? ನಿನ್ನೆ ಟೀಚರ್ "ಆದಿತಾಳ, ತಿಶ್ರ ನಡೆ" ಅಂದರು. ಆದಿತಾಳದ ಲಘು 4 ಅಂದಿರಲ್ಲ?

ಮೃದಂಗದ ಕಡೆಯವನು: ಲಘುವಿನಲ್ಲಿ ಎಷ್ಟು ಎಣಿಕೆ ಅನ್ನೋದು ಜಾತಿ. ಒಂದೊಂದು ಎಣಿಕೆಯ ಒಳಗೆ ಎಷ್ಟು ಅಕ್ಷರ ಅನ್ನೋದು ನಡೆ. ನಿಮ್ಮ ಆದಿತಾಳದ ಲಘು 4 ಆಗಿಯೇ ಇರುತ್ತದೆ, ಎಣಿಕೆಯೂ 8 ಆಗಿಯೇ ಇರುತ್ತದೆ. ಪ್ರತಿ ಎಣಿಕೆಗೆ "ತಕಧಿಮಿ" ಬದಲು "ತಕಿಟ" ಬರುತ್ತದೆ, ಅಷ್ಟೇ. ಆವರ್ತಕ್ಕೆ 32 ಅಕ್ಷರ ಇದ್ದ ಕಡೆ 24. ಇವತ್ತು ಮನೆಯಲ್ಲಿ ಒಂದು ಆವರ್ತ ತಕಧಿಮಿ, ಒಂದು ಆವರ್ತ ತಕಿಟ ಬದಲಾಯಿಸಿ ಬದಲಾಯಿಸಿ ಹೇಳಿ ನೋಡಿ. ತಕಿಟಕ್ಕೆ ಬಂದಾಗ ಕೈ ಜೋರಾಗುತ್ತಿದ್ದರೆ ನಿಲ್ಲಿಸಿ, ಇನ್ನೂ ನಿಧಾನಕ್ಕೆ ಶುರು ಮಾಡಿ.