ಸಹಾಯ ಬೇಕು: ಹೆಚ್ಚು ಉಪ್ಪಿನಲ್ಲಿ ಪ್ರೋಟಿಯೇಸ್ ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಎಂ.ಎಸ್‌ಸಿ. ಪ್ರಾಜೆಕ್ಟಿಗಾಗಿ ಆಸ್ಪರ್ಜಿಲಸ್ ಒರೈಜೆ ಶಿಲೀಂಧ್ರದ ಪ್ರೋಟಿಯೇಸ್ (ಪ್ರೋಟೀನನ್ನು ಕತ್ತರಿಸುವ ಕಿಣ್ವ) ಮೇಲೆ ಕೆಲಸ ಮಾಡುತ್ತಿದ್ದೇನೆ. ಜಪಾನಿನಲ್ಲಿ ಸೋಯಾ ಸಾಸ್‌ಗೆ ಕೋಜಿ (ಶಿಲೀಂಧ್ರ ಹಬ್ಬಿಸಿದ ಸೋಯಾ-ಗೋಧಿ) ಬೆಳೆಸುವುದು ಹೆಚ್ಚಾಗಿ ಇದರಿಂದಲೇ. ಕೋಜಿಯನ್ನು ಅಲ್ಲಿ ಸುಮಾರು 18% ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಅಷ್ಟು ಉಪ್ಪಿಗೆ ಇದೇ ಶಿಲೀಂಧ್ರದ ಗ್ಲುಟಾಮಿನೇಸ್ ಎಂಬ ಇನ್ನೊಂದು ಕಿಣ್ವ ಬಹುಮಟ್ಟಿಗೆ ಕೈಚೆಲ್ಲುತ್ತದೆ. ಪ್ರೋಟಿಯೇಸ್‌ಗಳು ಮಂದವಾದರೂ ದುಡಿಯುತ್ತವೆ.

ತೊಡಕು ಇರುವುದು ಅಳತೆಯಲ್ಲಿ. ಕಿಣ್ವ ಕತ್ತರಿಸಲೆಂದು ಕೊಡುವ ಹಾಲಿನ ಪ್ರೋಟೀನ್ ಕೇಸಿನ್‌ನ ಪಿಎಚ್ 6ರ ದ್ರಾವಣಕ್ಕೆ 3 ಮೋಲಾರ್‌ನಷ್ಟು (ಸುಮಾರು 18%) ಉಪ್ಪು ಬೀಳುತ್ತಲೇ ಟ್ಯೂಬು ನೀರುಮಜ್ಜಿಗೆಯಂತೆ ಕದಡುತ್ತದೆ. ರೀಡಿಂಗ್ ಇಳಿದರೆ ಕಿಣ್ವ ಸೋತಿತೆನ್ನಬೇಕೋ, ಕೇಸಿನ್ ಅದರ ಕೈಗೆ ಸಿಗಲಿಲ್ಲವೆನ್ನಬೇಕೋ?

ಸ್ಥಿರತೆಯನ್ನು ಬೇರೆಯಾಗಿಯೇ ನೋಡುತ್ತಿದ್ದೇನೆ: ಕಿಣ್ವವನ್ನು 30 ಡಿಗ್ರಿಯಲ್ಲಿ ಉಪ್ಪಿನೊಂದಿಗೆ ಇಟ್ಟು, ಆಮೇಲೆ ಬಫರ್‌ನಲ್ಲಿ ಚೆನ್ನಾಗಿ ತೆಳುಮಾಡಿ ಅಳೆಯುವುದು. ಚಟುವಟಿಕೆ ಮರಳಿದರೆ ಉಪ್ಪು ಕಿಣ್ವವನ್ನು ತಡೆದಿತ್ತಷ್ಟೆ, ಕೆಡಿಸಿರಲಿಲ್ಲ. ಈ ಭಾಗದ ಬಗ್ಗೆ ನನಗೆ ಅನುಮಾನವಿಲ್ಲ.

ಚಟುವಟಿಕೆಗೆ ಕೇಸಿನ್ ಬಿಟ್ಟು ನೈಟ್ರೊಅನಿಲೈಡ್ ಅಂಟಿಸಿದ, ಕತ್ತರಿಸಿದಾಗ ಹಳದಿ ಬಣ್ಣ ಬಿಡುವ ಚಿಕ್ಕ ಪೆಪ್ಟೈಡ್ ಬಳಸಲೇ? ಅದು ದುಬಾರಿ, ಮೇಲಾಗಿ ಶಿಲೀಂಧ್ರದ ಎಲ್ಲ ಪ್ರೋಟಿಯೇಸ್‌ಗಳೂ ಅದನ್ನು ಕತ್ತರಿಸುವುದಿಲ್ಲ. ಅಜೋಕೇಸಿನ್ (ಬಣ್ಣ ಕಟ್ಟಿದ ಕೇಸಿನ್) ಇಷ್ಟು ಉಪ್ಪಿನಲ್ಲಿ ಕರಗಿಯೇ ಉಳಿಯುತ್ತದೆಯೇ? ಪೊಟ್ಯಾಸಿಯಂ ಕ್ಲೋರೈಡನ್ನೂ ಜೊತೆಗೆ ಇಟ್ಟು ಹೋಲಿಸಬೇಕೇ? ಬೆಂಚಿನ ಮುಂದೆ ನಿಂತು ಮಾಡಿದವರು ದಯವಿಟ್ಟು ತಿಳಿಸಿ. ಬ್ಲ್ಯಾಂಕ್ (ಕಿಣ್ವದ ಕೆಲಸ ನಡೆಯದ ಹೋಲಿಕೆಯ ಟ್ಯೂಬು) ಹೇಗೆ ಇಟ್ಟಿರಿ ಎಂಬುದನ್ನು ಮರೆಯದೆ ಬರೆಯಿರಿ.